ಹೆಬ್ಬೆರಳು ದಾಟುವ ಜಾಗ: ದೊಡ್ಡ ವಯಸ್ಸಿನಲ್ಲಿ ಪಿಯಾನೋ ಸ್ಕೇಲ್ ಅಭ್ಯಾಸ

ಐವತ್ತೋ ಅರವತ್ತೋ ದಾಟಿದ ಮೇಲೆ ಮೊದಲ ಸಲ ಪಿಯಾನೋ ಮುಂದೆ ಕೂತವರಿಗೆ ಸ್ಕೇಲ್ ಬಗ್ಗೆ, ಅಂದರೆ ಸ್ವರಗಳನ್ನು ಕ್ರಮವಾಗಿ ಏರಿಸಿ ಇಳಿಸಿ ನುಡಿಸುವುದರ ಬಗ್ಗೆ, ಎರಡು ಥರದ ಮಾತು ಕೇಳಿಬರುತ್ತದೆ. ಹನ್ನೆರಡೂ ಮೇಜರ್ ಸ್ಕೇಲ್‌ಗಳನ್ನು ದಿನಾ ನುಡಿಸಿ, ಬೆರಳು ತಾನಾಗಿ ಓಡುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ವಯಸ್ಸಿನಲ್ಲಿ ಸ್ಕೇಲ್ ಯಾಕೆ, ಇಷ್ಟವಾದ ಹಾಡು ನುಡಿಸಿಕೊಂಡಿರಿ ಎಂದು ಇನ್ನು ಕೆಲವರು. ಮೊದಲನೆಯ ದಾರಿ ಹಿಡಿದರೆ ಸ್ವಲ್ಪ ದಿನದಲ್ಲೇ ಕೈಯೂ ಸೋಲುತ್ತದೆ, ಮನಸ್ಸೂ ಸೋಲುತ್ತದೆ. ಎರಡನೆಯದನ್ನು ಹಿಡಿದರೆ ಪ್ರತಿ ಹೊಸ ಹಾಡಿನಲ್ಲೂ ಒಂದೇ ಥರದ ಜಾಗದಲ್ಲಿ ಬೆರಳು ತಡವರಿಸುತ್ತದೆ. ಯಾಕೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಮಕ್ಕಳು ನುಡಿಸಿ ನುಡಿಸಿಯೇ ಕಲಿಯುತ್ತಾರೆ. ಅವರಿಗೆ ಅಂಥ ಕೈಯೂ ಇದೆ, ಮುಂದೆ ಬೇಕಾದಷ್ಟು ಸಮಯವೂ ಇದೆ. ದೊಡ್ಡವರ ಬಲ ಇರುವುದು ಬೇರೆ ಕಡೆ. ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂದು ತಿಳಿದು ಮಾಡುವ ಶಕ್ತಿ ಅವರಿಗಿದೆ. ಹಾಗಾಗಿ ದೊಡ್ಡವರ ಅಭ್ಯಾಸದಲ್ಲಿ 'ಎಷ್ಟು ಸಲ ನುಡಿಸಿದೆ' ಎಂಬ ಲೆಕ್ಕಕ್ಕಿಂತ 'ಈ ಸಲ ಯಾವುದನ್ನು ಗಮನಿಸುತ್ತಿದ್ದೇನೆ' ಎಂಬ ಪ್ರಶ್ನೆ ಮುಖ್ಯ. ಈ ಲೇಖನ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಸ್ಕೇಲ್ ಅಂದರೆ ಏನು

ಪಿಯಾನೋದಲ್ಲಿ 88 ಕೀಗಳಿವೆ. 52 ಬಿಳಿ, 36 ಕಪ್ಪು. ಇಷ್ಟೊಂದಾ ಎಂದು ಗಾಬರಿಯಾಗುವುದು ಸಹಜ. ಆದರೆ ಅಲ್ಲಿರುವುದು 12 ಕೀಗಳ ಒಂದೇ ಗುಂಪು, ಅದೇ ಮತ್ತೆ ಮತ್ತೆ ಬರುತ್ತದೆ. ಕಪ್ಪು ಕೀಗಳನ್ನು ನೋಡಿ. ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡರದು, ಮೂರರದು. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿ ಕೀ ಸಿ. ಅಲ್ಲಿಂದ ಬಲಕ್ಕೆ ಡಿ, ಇ, ಎಫ್, ಜಿ, ಎ, ಬಿ, ಮತ್ತೆ ಸಿ. ಒಂದು ಸಿ ಕೀಯಿಂದ ಮುಂದಿನ ಸಿ ಕೀವರೆಗಿನ ದೂರ ಒಂದು ಆಕ್ಟೇವ್.

ಒಂದು ಕೀಯಿಂದ ತೀರಾ ಪಕ್ಕದ ಕೀಗೆ ಹೋದರೆ ಅದು ಅರ್ಧ ಹೆಜ್ಜೆ. ಪಕ್ಕದ್ದು ಕಪ್ಪಾಗಿರಬಹುದು, ಬಿಳಿಯಾಗಿರಬಹುದು. ನಡುವೆ ಒಂದು ಕೀ ಬಿಟ್ಟು ಹೋದರೆ ಪೂರ್ತಿ ಹೆಜ್ಜೆ. ಯಾವ ಕೀಯಿಂದ ಶುರು ಮಾಡಿದರೂ ಮೇಜರ್ ಸ್ಕೇಲ್‌ನ ನಡೆ ಒಂದೇ: ಪೂರ್ತಿ, ಪೂರ್ತಿ, ಅರ್ಧ, ಪೂರ್ತಿ, ಪೂರ್ತಿ, ಪೂರ್ತಿ, ಅರ್ಧ. ಸಿ ಕೀಯಿಂದ ಹೊರಟರೆ ಎಲ್ಲವೂ ಬಿಳಿ ಕೀಗಳೇ ಸಿಗುತ್ತವೆ. ಯಾಕೆಂದರೆ ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ ಕಪ್ಪು ಕೀ ಇಲ್ಲ. ಅರ್ಧ ಹೆಜ್ಜೆಗಳು ಸರಿಯಾಗಿ ಅಲ್ಲೇ ಬೀಳುತ್ತವೆ. ಜಿ ಕೀಯಿಂದ ಹೊರಟರೆ ಕೊನೆಯ ಹೊತ್ತಿಗೆ ಇ ಆದ ಮೇಲೆ ಪೂರ್ತಿ ಹೆಜ್ಜೆ ಬೇಕು. ಎಫ್ ಹತ್ತಿರವೇ ಇದೆ, ಅರ್ಧ ಹೆಜ್ಜೆ ಮಾತ್ರ ಆಯಿತು. ಅದಕ್ಕೇ ಅಲ್ಲಿ ಎಫ್ ಶಾರ್ಪ್, ಅಂದರೆ ಎಫ್ ಕೀಯಿಂದ ಅರ್ಧ ಹೆಜ್ಜೆ ಬಲಕ್ಕಿರುವ ಕಪ್ಪು ಕೀ, ಬರುತ್ತದೆ.

ಇದನ್ನು ಓದಿ ಬಿಡಬೇಡಿ. ಒಂದೇ ಬೆರಳಿನಲ್ಲಿ ಡಿ ಕೀಯಿಂದ ಶುರು ಮಾಡಿ, ಈ ನಡೆಯ ಪ್ರಕಾರ ಕೀಗಳನ್ನು ನೀವೇ ಹುಡುಕಿ. ಎರಡು ಕಡೆ ಕಪ್ಪು ಕೀ ಸಿಗಬೇಕು, ಎಫ್ ಶಾರ್ಪ್ ಮತ್ತು ಸಿ ಶಾರ್ಪ್. ಚಾರ್ಟ್ ನೋಡಿ ಹತ್ತು ಸಲ ನುಡಿಸಿದ್ದಕ್ಕಿಂತ ಹೀಗೆ ಹುಡುಕಿಕೊಂಡ ಸ್ಕೇಲ್ ಜಾಸ್ತಿ ದಿನ ನೆನಪಿರುತ್ತದೆ. ತಪ್ಪಿದರೆ ಕಿವಿಯೇ ಹೇಳುತ್ತದೆ.

ಏಳು ಸ್ವರ, ಐದು ಬೆರಳು

ಪಿಯಾನೋದಲ್ಲಿ ಎರಡೂ ಕೈಯ ಬೆರಳುಗಳಿಗೆ ನಂಬರ್ ಇದೆ. ಹೆಬ್ಬೆರಳು 1, ತೋರುಬೆರಳು 2, ನಡುಬೆರಳು 3, ಉಂಗುರಬೆರಳು 4, ಕಿರುಬೆರಳು 5. ಸ್ಕೇಲ್‌ನಲ್ಲಿ ಬೇರೆ ಬೇರೆ ಸ್ವರ ಏಳು. ಬೆರಳು ಐದೇ. ಹಾಗಾಗಿ ಏಳನ್ನು ಮೂರು ಮತ್ತು ನಾಲ್ಕು ಎಂದು ಒಡೆಯುತ್ತಾರೆ. ಬಲಗೈಯಲ್ಲಿ ಸಿ ಮೇಜರ್ ಮೇಲಕ್ಕೆ, ಅಂದರೆ ಬಲಕ್ಕೆ, ಹೋಗುವಾಗ 1-2-3, ಆಮೇಲೆ 1-2-3-4, ಕೊನೆಯ ಸಿ ಕೀಗೆ 5. ಎಡಗೈ ಮೇಲಕ್ಕೆ ಬರುವಾಗ 5-4-3-2-1, ಆಮೇಲೆ 3-2-1.

ಎಷ್ಟು ಆಕ್ಟೇವ್ ನುಡಿಸಿದರೂ ಪ್ರತಿ ಆಕ್ಟೇವ್‌ನಲ್ಲಿ ಉಂಗುರಬೆರಳು, ಶುರುವಿನ ಅಥವಾ ಕೊನೆಯ ಸ್ವರ ಬಿಟ್ಟರೆ, ಒಂದೇ ಸಲ ಬರುತ್ತದೆ. ಅದು ಎಲ್ಲಿ ಬೀಳುತ್ತದೆ ಎಂದು ಗೊತ್ತಿದ್ದರೆ ಉಳಿದ ಬೆರಳುಗಳು ತಾವಾಗಿ ಜಾಗಕ್ಕೆ ಬರುತ್ತವೆ. ಸಿ ಮೇಜರ್‌ನಲ್ಲಿ ಬಲಗೈಯ 4 ಬೀಳುವುದು ಬಿ ಮೇಲೆ, ಎಡಗೈಯ 4 ಬೀಳುವುದು ಡಿ ಮೇಲೆ. ಎಂಟು ಅಂಕಿಗಳನ್ನು ಉರುಹೊಡೆಯುವ ಬದಲು ಈ ಒಂದು ಜಾಗ ನೆನಪಿಟ್ಟುಕೊಂಡರೆ ಸಾಕು. ವಯಸ್ಸಾದ ಮೇಲೆ ನೆನಪಿನ ಮೇಲೆ ಹೊರೆ ಕಡಿಮೆ ಮಾಡುವ ಯಾವ ಉಪಾಯವಾದರೂ ಒಳ್ಳೆಯದೇ ಅಲ್ವಾ?

ಜಿ, ಡಿ, ಎ, ಇ ಮೇಜರ್‌ಗಳಲ್ಲೂ ಬೆರಳುಗಳ ಕ್ರಮ ಸಿ ಮೇಜರ್‌ನದ್ದೇ. ಅಂದರೆ ಒಂದು ಕ್ರಮ ಕಲಿತರೆ ಐದು ಸ್ಕೇಲ್ ಕೈಗೆ ಬಂತು. ಎಫ್ ಮೇಜರ್‌ನಲ್ಲಿ ಬಲಗೈ ಮಾತ್ರ ಬದಲಾಗುತ್ತದೆ: 1-2-3-4, ಆಮೇಲೆ 1-2-3, ಕೊನೆಗೆ 4. ಫ್ಲಾಟ್ (ಅಂದರೆ ಸ್ವರದಿಂದ ಅರ್ಧ ಹೆಜ್ಜೆ ಎಡಕ್ಕಿರುವ ಕೀ) ಇರುವ ಮೇಜರ್ ಸ್ಕೇಲ್‌ಗಳಲ್ಲಿ ಐದಕ್ಕೆ ಒಂದು ಸುಲಭದ ಗುರುತಿದೆ. ಎಫ್, ಬಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಈ ಐದರಲ್ಲೂ ಬಲಗೈಯ ಉಂಗುರಬೆರಳು ಬಿ ಫ್ಲಾಟ್ ಮೇಲೆ, ಹೆಬ್ಬೆರಳು ಸಿ ಮತ್ತು ಎಫ್ ಮೇಲೆ. ಐದು ಸ್ಕೇಲ್‌ಗೆ ಒಂದೇ ಸೂತ್ರ. ಇದನ್ನು ಮೊದಲ ದಿನವೇ ಯಾಕೆ ಹೇಳಿಕೊಡುವುದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಕಷ್ಟವೆಲ್ಲ ಒಂದೇ ಜಾಗದಲ್ಲಿ

ಸ್ಕೇಲ್ ಕಷ್ಟ ಅನ್ನುವವರು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಬೆರಳಾದ ಮೇಲೆ ಪಕ್ಕದ ಬೆರಳು ಬೀಳುವುದರಲ್ಲಿ ಕಷ್ಟವೇನಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ದಾಟುವಾಗ, ಅಥವಾ ಬೇರೆ ಬೆರಳು ಹೆಬ್ಬೆರಳ ಮೇಲಿನಿಂದ ದಾಟುವಾಗ ಮಾತ್ರ ಕೈ ಜಾಗ ಬದಲಿಸುತ್ತದೆ. ತಡವರಿಕೆ, ಗಟ್ಟಿ ಸದ್ದು, ವೇಗ ಏರುಪೇರಾಗುವುದು ಎಲ್ಲವೂ ಹೆಚ್ಚಾಗಿ ಅಲ್ಲೇ.

ಈ ದಾಟುವಿಕೆ ಪಿಯಾನೋಗಿಂತ ಹಳೆಯ ಕೀಬೋರ್ಡ್ ವಾದ್ಯಗಳ ಕಾಲದಲ್ಲೂ ಎಲ್ಲರಿಗೂ ಸಹಜವಾಗಿರಲಿಲ್ಲ. 1685ರಲ್ಲಿ ಹುಟ್ಟಿದ ಜರ್ಮನ್ ಸಂಗೀತಗಾರ ಜೆ. ಎಸ್. ಬಾಖ್ ತಾವು ಚಿಕ್ಕವರಿದ್ದಾಗ ಕೇಳಿದ ದೊಡ್ಡ ವಾದಕರು ಕೈ ತುಂಬಾ ಅಗಲಿಸಬೇಕಾದಾಗ ಮಾತ್ರ ಹೆಬ್ಬೆರಳು ಬಳಸುತ್ತಿದ್ದರು ಎಂದು ಹೇಳುತ್ತಿದ್ದರಂತೆ. ಅವರ ಮಗ ಸಿ. ಪಿ. ಇ. ಬಾಖ್ ಇದನ್ನು ಬರೆದಿಟ್ಟಿದ್ದಾರೆ. ನುರಿತವರೂ ಬಿಟ್ಟು ನುಡಿಸುತ್ತಿದ್ದ ಬೆರಳು ಅದು. ಹೊಸಬರಿಗೆ ಅಲ್ಲಿ ತೊಡಕಾದರೆ ಆಶ್ಚರ್ಯವೇನು?

ಬಲಗೈಯಲ್ಲಿ ಸಿ, ಡಿ, ಇ ನುಡಿಸಿ ಎಫ್ ಕಡೆಗೆ ಹೋಗುವ ಒಂದು ಕ್ಷಣವನ್ನೇ ತೆಗೆದುಕೊಳ್ಳೋಣ. ಹೆಚ್ಚಿನವರು ನಡುಬೆರಳು ಇ ಒತ್ತುವವರೆಗೂ ಹೆಬ್ಬೆರಳನ್ನು ಸಿ ಹತ್ತಿರವೇ ಬಿಟ್ಟಿರುತ್ತಾರೆ. ಆಮೇಲೆ ಒಮ್ಮೆಲೇ ಅದನ್ನು ಅಂಗೈ ಕೆಳಗೆ ನುಗ್ಗಿಸುತ್ತಾರೆ. ಆಗ ಮೊಣಕೈ ಹೊರಕ್ಕೆ ಏಳುತ್ತದೆ, ಮಣಿಕಟ್ಟು ತಿರುಚುತ್ತದೆ, ಹೆಬ್ಬೆರಳು ಎಫ್ ಮೇಲೆ ಧಡ್ ಎಂದು ಬೀಳುತ್ತದೆ. ಸರಿಯಾದ ರೀತಿ ಹೀಗೆ: ಹೆಬ್ಬೆರಳು ಸಿ ಬಿಟ್ಟು, ತೋರುಬೆರಳು ಡಿ ಒತ್ತುತ್ತಿದ್ದಂತೆ ಹೆಬ್ಬೆರಳ ಪಯಣ ಶುರುವಾಗಬೇಕು. ನಡುಬೆರಳು ಇ ಒತ್ತುವ ಹೊತ್ತಿಗೆ ಅದು ಎಫ್ ಹತ್ತಿರ ಬಂದು ಕಾದಿರಬೇಕು. ಜೊತೆಗೆ ಮುಂಗೈ ಕೂಡ ಬಲಕ್ಕೆ ಸ್ವಲ್ಪ ಸರಿಯುತ್ತಿರಬೇಕು. ಹೆಬ್ಬೆರಳು ಚಾಚಿ ಹೋಗುವುದಲ್ಲ, ತೋಳು ಅದನ್ನು ಕರೆದುಕೊಂಡು ಹೋಗುವುದು. ಇದು ಕೈ ಬಿಗಿಯಾಗಿರುವವರಿಗೆ ದೊಡ್ಡ ನೆರವು. ತೋಳು ಸರಿದಷ್ಟೂ ಹೆಬ್ಬೆರಳು ಮಡಚಬೇಕಾದ ದೂರ ಕಡಿಮೆ.

ಇಷ್ಟನ್ನೇ ಅಭ್ಯಾಸ ಮಾಡಬಹುದು. ಇ, ಎಫ್, ಇ, ಎಫ್. ಬೆರಳು 3, 1, 3, 1. ಎಂಟು ಸಲ, ತೀರಾ ನಿಧಾನ. ಪೂರ್ತಿ ಸ್ಕೇಲ್ ಇಪ್ಪತ್ತು ಸಲ ನುಡಿಸಿದರೆ ಈ ದಾಟು ಇಪ್ಪತ್ತು ಸಲವೂ ಅರ್ಧ ಗಮನದಲ್ಲಿ ಕಳೆದುಹೋಗುತ್ತದೆ. ಬಿಡಿಸಿ ಮಾಡಿದರೆ ಒಂದು ನಿಮಿಷದಲ್ಲಿ ಪೂರ್ತಿ ಗಮನ ಅಲ್ಲಿಗೇ ಸಿಗುತ್ತದೆ.

ಇನ್ನೊಂದು ಉಪಾಯ ಗುಂಪಾಗಿ ಒತ್ತುವುದು. ಸಿ, ಡಿ, ಇ ಮೂರನ್ನೂ 1-2-3ರಲ್ಲಿ ಒಟ್ಟಿಗೆ ಒತ್ತಿ. ಕೈ ಎತ್ತಿ, ಎಫ್, ಜಿ, ಎ, ಬಿ ನಾಲ್ಕನ್ನೂ 1-2-3-4ರಲ್ಲಿ ಒಟ್ಟಿಗೆ ಒತ್ತಿ. ಸದ್ದು ಕರ್ಕಶವಾಗಿರುತ್ತದೆ, ಪರವಾಗಿಲ್ಲ. ಆಗ ಕೈಗೆ ತಿಳಿಯುತ್ತದೆ, ಸ್ಕೇಲ್ ಅಂದರೆ ಎಂಟು ಬೇರೆ ಬೇರೆ ಹೊಡೆತವಲ್ಲ, ಎರಡು ಜಾಗ ಅಷ್ಟೇ. ಕಪ್ಪು ಕೀ ಜಾಸ್ತಿ ಇರುವ ಸ್ಕೇಲ್‌ಗಳಿಗೆ ಇದು ಇನ್ನೂ ಚೆನ್ನಾಗಿ ಒದಗುತ್ತದೆ.

ಒತ್ತುವ ಬಲದ ಬಗ್ಗೆ

ವಯಸ್ಸಾದ ಕೈಗೆ ಆಯಾಸವಾಗುವುದಕ್ಕೆ ದೊಡ್ಡ ಕಾರಣ ಬೇಡದ ಒತ್ತಡ. ಪಿಯಾನೋ ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್. ಅದನ್ನು ಇಳಿಸಲು ಸುಮಾರು 50 ಗ್ರಾಂ ತೂಕ ಸಾಕು. ಕೀ ತಳ ಮುಟ್ಟುವ ಸ್ವಲ್ಪ ಮೊದಲೇ ಒಳಗಿನ ಸುತ್ತಿಗೆ ಕೀಯ ಹಿಡಿತದಿಂದ ಬಿಡಿಸಿಕೊಂಡು ತಂತಿಯ ಕಡೆ ಹಾರುತ್ತದೆ. ಅಲ್ಲಿಂದಾಚೆಗೆ ನೀವು ಎಷ್ಟೇ ಒತ್ತಿದರೂ ಆ ಸ್ವರದ ಗಟ್ಟಿತನ ಬದಲಾಗುವುದಿಲ್ಲ. ಡಿಜಿಟಲ್ ಪಿಯಾನೋದಲ್ಲೂ ಅಷ್ಟೇ, ಕೀ ಎಷ್ಟು ವೇಗವಾಗಿ ಇಳಿಯಿತು ಎಂಬುದನ್ನು ಸೆನ್ಸರ್ ಅಳೆಯುತ್ತದೆ, ಆಮೇಲಿನ ಒತ್ತಡಕ್ಕೆ ಬೆಲೆಯಿಲ್ಲ.

ಹಾಗಿದ್ದರೂ ಹೊಸಬರು ತಳ ಮುಟ್ಟಿದ ಮೇಲೂ ಕೀಯನ್ನು ಅದುಮುತ್ತಲೇ ಇರುತ್ತಾರೆ. ಆ ಬಿಗಿ ಮುಂಗೈಗೆ ಏರುತ್ತದೆ, ಯಾಕೆಂದರೆ ಬೆರಳು ಮಡಚುವ ಮುಖ್ಯ ಸ್ನಾಯುಗಳು ಇರುವುದೇ ಮುಂಗೈಯಲ್ಲಿ. ಆಮೇಲೆ ಭುಜಕ್ಕೂ ಏರುತ್ತದೆ. ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಕೀ ಒತ್ತಿ ಹಿಡಿಯಿರಿ. ಸ್ವರ ಕೇಳಿಸುತ್ತಿರುವಂತೆಯೇ ಕೀ ಮೇಲೇಳದಷ್ಟು ಮಾತ್ರ ಭಾರ ಉಳಿಸಿ, ಉಳಿದ ಬಿಗಿಯನ್ನು ಬಿಟ್ಟುಬಿಡಿ. ಎಷ್ಟು ಬಿಡಬಹುದಿತ್ತು ಎಂದು ನಿಮಗೇ ಗೊತ್ತಾಗುತ್ತದೆ. ಸ್ಕೇಲ್‌ನ ಮೊದಲ ಸ್ವರದಲ್ಲಿ ದಿನಾ ಇದನ್ನು ಒಮ್ಮೆ ಮಾಡುವುದು ಒಳ್ಳೆಯ ಆರಂಭ.

ಕೂರುವುದು ಹೇಗೆ? ಸ್ಟೂಲಿನ ಮುಂದಿನ ಅರ್ಧದಲ್ಲಿ, ಪಾದ ನೆಲಕ್ಕೆ ಪೂರ್ತಿ ಊರಿ. ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂಚೂರು ಮೇಲಕ್ಕೆ ಇರಲಿ. ಕನ್ನಡಕದ ಬಗ್ಗೆಯೂ ಒಂದು ಮಾತು. ನೋಟ್ಸ್ ಇರುವ ಸ್ಟ್ಯಾಂಡ್ ಓದುವ ಪುಸ್ತಕಕ್ಕಿಂತ ದೂರ. ಪ್ರೊಗ್ರೆಸಿವ್ ಲೆನ್ಸ್ ಇರುವವರು ಸರಿಯಾಗಿ ಕಾಣಲಿ ಎಂದು ಗದ್ದ ಎತ್ತಿ ಕೂರುತ್ತಾರೆ, ಕತ್ತು ನೋಯುತ್ತದೆ. ಆ ದೂರಕ್ಕೇ ಒಂದು ಕನ್ನಡಕ ಮಾಡಿಸಿಕೊಂಡರೆ ಕತ್ತಿಗೆ ಆರಾಮ. ಸ್ಕೇಲ್‌ನ ಮಟ್ಟಿಗಂತೂ ಪುಸ್ತಕವೇ ಬೇಡ. ನಡೆ ಗೊತ್ತಿದೆ, ಕಣ್ಣು ಕೈ ಮೇಲಿರಲಿ.

ಯಾವ ಸ್ಕೇಲ್ ಮೊದಲು

ಎಲ್ಲರೂ ಸಿ ಮೇಜರ್ ಎನ್ನುತ್ತಾರೆ. ಅರ್ಥ ಮಾಡಿಕೊಳ್ಳಲು ಅದೇ ಸುಲಭ, ನಿಜ. ಆದರೆ ಕೈಗೆ ಅದು ಸುಲಭವಲ್ಲ. ಎಲ್ಲ ಕೀಗಳೂ ಒಂದೇ ಮಟ್ಟದಲ್ಲಿವೆ, ನಮ್ಮ ಬೆರಳುಗಳ ಉದ್ದ ಮಾತ್ರ ಬೇರೆ ಬೇರೆ. ಪೋಲಿಷ್ ಪಿಯಾನೋ ವಾದಕ, ರಚನಕಾರ ಶೋಪಾನ್ ತಮ್ಮ ಶಿಷ್ಯರಿಗೆ ಸ್ಕೇಲ್‌ಗಳನ್ನು ಬಿ ಮೇಜರ್‌ನಿಂದ ಶುರು ಮಾಡಿಸುತ್ತಿದ್ದರು, ಸಿ ಮೇಜರ್ ಕೊನೆಗೆ. ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ ಮೇಲೆ ಐದು ಬೆರಳಿಟ್ಟು ನೋಡಿ. ಹೆಬ್ಬೆರಳು ಮತ್ತು ಕಿರುಬೆರಳು ಬಿಳಿ ಕೀ ಮೇಲೆ, ಮೂರು ಉದ್ದ ಬೆರಳು ಕಪ್ಪು ಕೀ ಮೇಲೆ. ಕೈ ತನ್ನ ಪಾಡಿಗೆ ಕೂತುಬಿಡುತ್ತದೆ.

ಬಿ ಮೇಜರ್‌ಗೆ ಇನ್ನೊಂದು ಅನುಕೂಲ ಇದೆ. ಅದರಲ್ಲಿ ಬಿಳಿ ಕೀ ಬರುವುದು ಬಿ ಮತ್ತು ಇ ಮಾತ್ರ, ಉಳಿದ ಐದೂ ಕಪ್ಪು. ಹೆಬ್ಬೆರಳಿಗೆ ಬೇರೆ ಜಾಗವೇ ಇಲ್ಲ. ಬಲಗೈ 1-2-3, 1-2-3-4, 5. ಎಡಗೈ 4-3-2-1, 4-3-2-1. ಎರಡೂ ಕೈ ಒಟ್ಟಿಗೆ ಮೇಲಕ್ಕೆ ಹೋಗುವಾಗ ಇ ಮೇಲೆ ಎರಡೂ ಹೆಬ್ಬೆರಳು ಒಟ್ಟಿಗೆ ಬೀಳುತ್ತವೆ. ಐದು ಶಾರ್ಪ್ ಎಂದು ಹೆದರಿ ಇದನ್ನು ಮುಂದಿನ ವರ್ಷಕ್ಕೆ ತಳ್ಳುವವರೇ ಜಾಸ್ತಿ. ನನ್ನ ಪ್ರಕಾರ ದೊಡ್ಡವರು ಸಿ ಮೇಜರ್ ಅನ್ನು ತಲೆಗೆ, ಬಿ ಮೇಜರ್ ಅನ್ನು ಕೈಗೆ ಎಂದು ಮೊದಲ ತಿಂಗಳಲ್ಲೇ ಎರಡನ್ನೂ ಹಿಡಿಯಬೇಕು. ಆಮೇಲೆ ಜಿ, ಡಿ, ಎಫ್. ಅದಾದ ಮೇಲೆ ನೀವು ಕಲಿಯುತ್ತಿರುವ ಹಾಡುಗಳು ಯಾವ ಸ್ಕೇಲ್ ಕೇಳುತ್ತವೋ ಅದು. ಬೇರೆ ನಡೆಯ, ಸ್ವಲ್ಪ ದುಗುಡದ ಛಾಯೆಯ ಮೈನರ್ ಸ್ಕೇಲ್‌ಗಳಿಗೂ ಇದೇ ಮಾತು. ಎ ಮೈನರ್ ಹಾಡು ಕೈಗೆತ್ತಿಕೊಂಡ ದಿನ ಎ ಮೈನರ್ ಕಲಿಯಿರಿ, ಏಳನೆಯ ಸ್ವರ ಅರ್ಧ ಹೆಜ್ಜೆ ಏರಿಸಿದ ಹಾರ್ಮೋನಿಕ್ ಮೈನರ್‌ನಿಂದ ಶುರು ಮಾಡಿ. ಬಿಳಿ ಕೀಗಳ ನಡುವೆ ಜಿ ಶಾರ್ಪ್ ಒಂದೇ ಕಪ್ಪು.

ಎರಡು ಕೈ ಸೇರಿಸುವುದು

ಒಂದೊಂದೇ ಕೈ ಸಲೀಸಾದ ಮೇಲೆ ಎರಡೂ ಕೈಯನ್ನು ಒಂದೇ ದಿಕ್ಕಿಗೆ ಓಡಿಸಲು ಹೋಗುತ್ತಾರೆ. ಅಲ್ಲಿ ಎಡವುತ್ತಾರೆ. ಸಿ ಮೇಜರ್‌ನಲ್ಲಿ ಬಲ ಹೆಬ್ಬೆರಳು ಎಫ್ ಮೇಲೆ ದಾಟುತ್ತದೆ, ಎಡಗೈಯಲ್ಲಿ ದಾಟುವುದು ಜಿ ಆದ ಮೇಲೆ. ಎರಡು ಕೈ ಎರಡು ಹೊತ್ತಿನಲ್ಲಿ ಜಾಗ ಬದಲಿಸುವುದರಿಂದ ತಲೆ ಗೊಂದಲಕ್ಕೆ ಬೀಳುತ್ತದೆ.

ಅದರ ಬದಲು ಮೊದಲು ವಿರುದ್ಧ ದಿಕ್ಕು ಹಿಡಿಯಿರಿ. ಎರಡೂ ಹೆಬ್ಬೆರಳನ್ನು ನಡುವಿನ ಸಿ ಮೇಲಿಡಿ. ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ. ಎರಡೂ ಕೈಯಲ್ಲಿ 1-2-3, 1-2-3-4, 5. ಎರಡೂ ಹೆಬ್ಬೆರಳು ಒಂದೇ ಕ್ಷಣದಲ್ಲಿ ದಾಟುತ್ತವೆ. ಮೊದಲ ಪ್ರಯತ್ನದಲ್ಲೇ ಹೆಚ್ಚಿನವರಿಗೆ ಇದು ಬಂದುಬಿಡುತ್ತದೆ, ಆ ಖುಷಿ ಸಣ್ಣದಲ್ಲ.

ಒಂದೇ ದಿಕ್ಕಿನ ಓಟಕ್ಕೆ ಬಂದಾಗ ದಾಟುವ ಜಾಗಗಳ ಬದಲು ಕೂಡುವ ಜಾಗಗಳನ್ನು ನೋಡಿ. ಸಿ ಮೇಜರ್‌ನಲ್ಲಿ ಇ ಮತ್ತು ಎ, ಈ ಎರಡು ಕೀಗಳ ಮೇಲೆ ಎರಡೂ ಕೈಯ ನಡುಬೆರಳು ಒಟ್ಟಿಗೆ ಬೀಳುತ್ತವೆ. ಕತ್ತಲಲ್ಲಿ ನಡೆಯುವವರಿಗೆ ಗೋಡೆ ಸಿಕ್ಕ ಹಾಗೆ, ಅಲ್ಲಿ ಕೈಗೆ ಧೈರ್ಯ ಬರುತ್ತದೆ. ಇ ತಲುಪಿದಾಗ ನಿಲ್ಲಿ, ಎರಡೂ ನಡುಬೆರಳು ಬಿದ್ದಿವೆಯಾ ನೋಡಿ. ಎ ತಲುಪಿದಾಗ ಮತ್ತೆ ನಿಲ್ಲಿ. ಎರಡೂ ಸರಿಯಿದ್ದರೆ ನಡುವಿನದು ತಪ್ಪಿರಲು ಸಾಧ್ಯವೇ ಕಡಿಮೆ. ಜಿ, ಡಿ, ಎ, ಇ ಮೇಜರ್‌ಗಳಲ್ಲೂ ಮೂರನೆಯ ಮತ್ತು ಆರನೆಯ ಸ್ವರದ ಮೇಲೆ ಇದೇ ಆಗುತ್ತದೆ.

ದಿನದ ಹದಿನೈದು ನಿಮಿಷ

ಸ್ಕೇಲ್‌ಗೆಂದೇ ದಿನಕ್ಕೆ 15 ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಗಮನ ಉಳಿಯುವುದಿಲ್ಲ, ಗಮನ ಇಲ್ಲದ ಸ್ಕೇಲ್ ದೊಡ್ಡವರಿಗೆ ಏನನ್ನೂ ಕಲಿಸುವುದಿಲ್ಲ. ಉಳಿದ ಹೊತ್ತು ಹಾಡಿಗಿರಲಿ. ಸಾಧ್ಯವಾದರೆ ಬೆಳಿಗ್ಗೆ ಎಂಟು ನಿಮಿಷ, ಸಂಜೆ ಏಳು ನಿಮಿಷ ಎಂದು ಒಡೆಯಿರಿ. ಕೈಚಳಕ ಒಂದೇ ಉಸಿರಿಗೆ ಮಾಡಿದ್ದಕ್ಕಿಂತ ಬಿಡುವು ಕೊಟ್ಟು ಮಾಡಿದಾಗ ಚೆನ್ನಾಗಿ ನಿಲ್ಲುತ್ತದೆ, ರಾತ್ರಿಯ ನಿದ್ದೆಯಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ನಿನ್ನೆ ಬಾರದ ದಾಟು ಇವತ್ತು ತಾನಾಗಿ ಬಂದರೆ ಅದಕ್ಕೆ ಕಾರಣ ಇದೇ.

ಶುರುವಿಗೆ ಎರಡು ನಿಮಿಷ ಕೈ ಬೆಚ್ಚಗಾಗಲಿ. ಬೆಳಿಗ್ಗೆ ಬೆರಳು ಬಿಗಿಯಾಗಿರುವವರು ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಬಂದು ಕೂರುವುದು ಒಳ್ಳೆಯದು. ಐದು ಬೆರಳು ಐದು ಕೀ ಮೇಲಿಟ್ಟು ಮೇಲೆ ಕೆಳಗೆ ನಿಧಾನವಾಗಿ, ಮೆತ್ತಗೆ ನುಡಿಸಿ. ಆಮೇಲೆ ಆರೇಳು ನಿಮಿಷ ಈ ವಾರದ ಸ್ಕೇಲ್. ಒಂದೇ ಸ್ಕೇಲ್, ಒಂದು ಆಕ್ಟೇವ್. ಪ್ರತಿ ಸಲ ನುಡಿಸುವ ಮೊದಲು ಒಂದು ವಿಷಯ ತೀರ್ಮಾನಿಸಿ. ಈ ಸಲ ಹೆಬ್ಬೆರಳು ಮುಂಚೆಯೇ ಹೊರಡುತ್ತದೆಯಾ ನೋಡುತ್ತೇನೆ. ಮುಂದಿನ ಸಲ ಮಣಿಕಟ್ಟು ಬಿಗಿಯಾಗುತ್ತದೆಯಾ. ಅದರ ಮುಂದಿನ ಸಲ ಎಂಟೂ ಸ್ವರ ಒಂದೇ ಗಟ್ಟಿಯಲ್ಲಿ ಕೇಳಿಸುತ್ತವೆಯಾ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಸಿಕ್ಕಿದ ಮೇಲೇ ಮುಂದಕ್ಕೆ.

ಉಳಿದ ಆರು ನಿಮಿಷದಲ್ಲಿ ಹಳೆಯ ಸ್ಕೇಲ್‌ಗಳನ್ನು ಬೆರೆಸಿ ನುಡಿಸಿ. ಜಿ ಒಂದು ಸಲ, ಬಿ ಒಂದು ಸಲ, ಎಫ್ ಒಂದು ಸಲ, ಮತ್ತೆ ಜಿ. ಒಂದನ್ನೇ ಆರು ಸಲ ನುಡಿಸಿದರೆ ಆ ಹೊತ್ತಿಗೆ ಚೆನ್ನಾಗಿ ಬಂದಂತೆ ಕಾಣುತ್ತದೆ. ಬೆರೆಸಿ ನುಡಿಸಿದರೆ ತಪ್ಪು ಜಾಸ್ತಿ, ಕಸಿವಿಸಿಯೂ ಆಗುತ್ತದೆ. ಆದರೆ ಪ್ರತಿ ಸಲವೂ ತಲೆ ಆ ಸ್ಕೇಲನ್ನು ಹೊಸದಾಗಿ ನೆನಪಿಸಿಕೊಳ್ಳಬೇಕಾಗುವುದರಿಂದ ವಾರ ಕಳೆದ ಮೇಲೂ ಉಳಿಯುವುದು ಹೀಗೆ ಕಲಿತದ್ದೇ. ಹೊಸ ಸ್ಕೇಲನ್ನು ಮಾತ್ರ ಮೊದಲ ನಾಲ್ಕೈದು ದಿನ ಒಂಟಿಯಾಗಿ ನುಡಿಸಿ, ಆಮೇಲೆ ಈ ಗುಂಪಿಗೆ ಸೇರಿಸಿ.

ಮೆಟ್ರೋನೋಮ್ ಮತ್ತು ವೇಗ

ಮೆಟ್ರೋನೋಮ್ ಎಂದರೆ ಸಮವಾಗಿ ಟಿಕ್ ಟಿಕ್ ಎನ್ನುತ್ತಾ ಲಯ ಕೊಡುವ ಸಾಧನ. ಅದನ್ನು 60ಕ್ಕೆ ಇಟ್ಟರೆ ಸೆಕೆಂಡಿಗೆ ಒಂದು ಟಿಕ್. ಟಿಕ್‌ಗೆ ಒಂದು ಸ್ವರ. ನಿಧಾನ ಎಷ್ಟಿರಬೇಕು ಎಂದರೆ, ಈಗಿನ ಸ್ವರ ಕೇಳಿಸುತ್ತಿರುವಾಗಲೇ ಮುಂದಿನ ಬೆರಳು ತನ್ನ ಕೀ ಮೇಲೆ ಬಂದು ಕೂತಿರಬೇಕು. 60ರಲ್ಲಿ ಅದಾಗದಿದ್ದರೆ 50, ಅದೂ ಆಗದಿದ್ದರೆ ಮೆಟ್ರೋನೋಮ್ ಇಲ್ಲದೆ.

ಮೂರು ಸಲ ಸತತವಾಗಿ ಬಿಗಿಯಿಲ್ಲದೆ, ತಪ್ಪಿಲ್ಲದೆ ಬಂದರೆ ಮಾತ್ರ ನಾಲ್ಕು ಅಂಕ ಏರಿಸಿ. ಎರಡು ಸಲ ತಪ್ಪಿದರೆ ಹಿಂದಕ್ಕೆ ಬನ್ನಿ. ಹೀಗೆ ದಿನಗಳೋ ವಾರಗಳೋ ಕಳೆದು 100 ತಲುಪಿದಾಗ ಮೆಟ್ರೋನೋಮ್ ಅನ್ನು 50ಕ್ಕೆ ಇಳಿಸಿ, ಟಿಕ್‌ಗೆ ಎರಡು ಸ್ವರ ನುಡಿಸಿ. ಲೆಕ್ಕ ಹಾಕಿ ನೋಡಿ, ವೇಗ ಅದೇ. ಕೈ ಮಾಡುವ ಕೆಲಸ ಒಂಚೂರೂ ಬದಲಾಗಿಲ್ಲ. ಆದರೆ ಕಿವಿಗೆ ಈಗ ಸ್ವರಗಳು ಜೋಡಿಯಾಗಿ ಕೇಳಿಸುತ್ತವೆ, ಸ್ಕೇಲ್‌ಗೆ ಒಂದು ಹರಿವು ಬರುತ್ತದೆ. ಅಲ್ಲಿಂದ ಮತ್ತೆ ಏರಿಸುತ್ತಾ ಹೋಗಬಹುದು. ಟಿಕ್‌ಗೆ ಎರಡರಂತೆ 60ರಿಂದ 72ರ ನಡುವೆ, ಎರಡು ಆಕ್ಟೇವ್, ಸಮವಾಗಿ ಬಂದರೆ ಹೊಸಬರು ನುಡಿಸುವ ಹೆಚ್ಚಿನ ಹಾಡುಗಳಿಗೆ ಧಾರಾಳವಾಯಿತು. ಅದರ ಮೇಲಿನ ವೇಗ ಬೇಕೇ ಬೇಕು ಅಂತೇನಿಲ್ಲ.

ಸಮವಾಗಿದೆಯಾ ಎಂದು ತಿಳಿಯಲು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕಿವಿಗೆ ಬೀಳದ ಉಬ್ಬು ತಗ್ಗುಗಳು ಆಗ ಬೀಳುತ್ತವೆ. ಸಾಮಾನ್ಯವಾಗಿ ಹೆಬ್ಬೆರಳ ಸ್ವರ ಗಟ್ಟಿ, ಉಂಗುರಬೆರಳ ಸ್ವರ ಮೆತ್ತಗೆ. ಉಂಗುರಬೆರಳಿನ ತಪ್ಪಲ್ಲ ಅದು. ಕೈಯ ಹಿಂಬದಿಯಲ್ಲಿ ಅದರ ಸ್ನಾಯುರಜ್ಜು ಅಕ್ಕಪಕ್ಕದ ಬೆರಳುಗಳ ರಜ್ಜುಗಳಿಗೆ ಸಣ್ಣ ಪಟ್ಟಿಗಳಿಂದ ಸೇರಿಕೊಂಡಿದೆ. ಹಾಗಾಗಿ ಒಂಟಿಯಾಗಿ ಹೆಚ್ಚು ಮೇಲೆತ್ತಲು ಆಗುವುದಿಲ್ಲ. ಎತ್ತುವ ಕಸರತ್ತು ಮಾಡಿಸಬೇಡಿ. ಆ ಸ್ವರ ಬಂದಾಗ ಮುಂಗೈ ತೂಕವನ್ನು ಸ್ವಲ್ಪ ಆ ಕಡೆ ವಾಲಿಸಿದರೆ ಸಾಕು. ಏರುಪೇರು ಹೋಗದಿದ್ದರೆ ಸ್ವರಗಳನ್ನು ಉದ್ದ-ಗಿಡ್ಡ, ಉದ್ದ-ಗಿಡ್ಡ ಎಂದು ಒಂದು ಸಲ, ಗಿಡ್ಡ-ಉದ್ದ ಎಂದು ಇನ್ನೊಂದು ಸಲ ನುಡಿಸಿ, ಆಮೇಲೆ ಸಮಕ್ಕೆ ಬನ್ನಿ.

ನೋವು ಬಂದರೆ

ಆಯಾಸ ಬೇರೆ, ನೋವು ಬೇರೆ. ಮುಂಗೈ ಸ್ವಲ್ಪ ಭಾರವಾದಂತೆ ಅನ್ನಿಸಿ, ಕೈ ಕೆಳಗಿಳಿಸಿ ಒಂದು ನಿಮಿಷ ಕೂತರೆ ಹೋದರೆ ಅದು ಆಯಾಸ. ಚುಚ್ಚುವ ನೋವು, ಜೋಮು, ಬೆರಳಲ್ಲಿ ಜುಮ್ಮೆನ್ನುವುದು, ಮರುದಿನವೂ ಉಳಿಯುವ ನೋವು, ಇವು ಬಂದರೆ ಆ ದಿನಕ್ಕೆ ನಿಲ್ಲಿಸಿ. ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ಹೆಬ್ಬೆರಳ ಬುಡದ ಕೀಲು ಸವೆಯುವುದು ವಯಸ್ಸಾದವರಲ್ಲಿ ಸಾಮಾನ್ಯ. ಅಂಥವರು ಹೆಬ್ಬೆರಳನ್ನು ಅಂಗೈ ಕೆಳಗೆ ಆಳಕ್ಕೆ ಮಡಚಲೇಬಾರದು. ದಾಟುವಾಗ ಕೈಯನ್ನೇ ಹಗುರವಾಗಿ ಎತ್ತಿ ಹೊಸ ಜಾಗಕ್ಕೆ ಇಡಬಹುದು. ಸ್ವರಗಳ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಬಿಡಲಿ, ಸ್ವರವನ್ನು ಉಳಿಸುವ ಕಾಲಿನ ಪೆಡಲ್ ಅದನ್ನು ಮುಚ್ಚುತ್ತದೆ. ಕೀಲು ಉಳಿಸಿಕೊಳ್ಳುವುದು ಮುಖ್ಯ.

ಬೆರಳಿಗೆ ಬಲ ಬರಿಸುವ ಸಾಧನಗಳ ಹತ್ತಿರವೂ ಹೋಗಬೇಡಿ. ಜರ್ಮನ್ ಸಂಗೀತ ರಚನಕಾರ ರಾಬರ್ಟ್ ಶೂಮನ್ 1830ರ ದಶಕದ ಶುರುವಿನಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಬಲಗೈ ಬೆರಳಿನ ಹಿಡಿತ ಕಳೆದುಕೊಂಡು ವಾದಕರಾಗುವ ಆಸೆ ಬಿಡಬೇಕಾಯಿತು. ಅವರು ಅಂಥದೊಂದು ಸಾಧನ ಬಳಸಿದ್ದರು. ಅದೇ ಕಾರಣವೋ ಬೇರೆಯೋ ಎಂಬ ಚರ್ಚೆ ಇನ್ನೂ ಇದೆ. ಆದರೆ 50 ಗ್ರಾಂ ಕೀ ಒತ್ತಲು ಬೆರಳಿಗೆ ಬೇಕಾಗಿರುವುದು ಬಲವಲ್ಲ.

ಹಾಡಿನ ಜೊತೆ

ಹೊಸ ಹಾಡು ತೆರೆದಾಗ ನೋಟ್ಸ್ ಸಾಲಿನ ಮೊದಲಲ್ಲಿ ಎಷ್ಟು ಶಾರ್ಪ್ (♯), ಎಷ್ಟು ಫ್ಲಾಟ್ (♭) ಗುರುತು ಇದೆ ನೋಡಿ. ಒಂದು ಶಾರ್ಪ್ ಇದ್ದರೆ ಹೆಚ್ಚಾಗಿ ಜಿ ಮೇಜರ್, ಇಲ್ಲವೇ ಇ ಮೈನರ್. ಆ ವಾರದ ಸ್ಕೇಲ್ ಅದೇ ಆಗಲಿ. ಆಮೇಲೆ ಹಾಡಿನಲ್ಲಿ ಮೂರು ನಾಲ್ಕು ಸ್ವರ ಸಾಲಾಗಿ ಏರುವ, ಇಳಿಯುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ. ಅಲ್ಲೆಲ್ಲ ನೀವು ಬೆಳಿಗ್ಗೆ ನುಡಿಸಿದ ಸ್ಕೇಲ್‌ನ ತುಂಡೇ ಇದೆ, ಬೆರಳುಗಳ ಕ್ರಮವೂ ಬಹಳಷ್ಟು ಸಲ ಅದೇ. ಹಾಡಿನಲ್ಲಿ ಆ ಸಾಲು ಮೆತ್ತಗೆ ಶುರುವಾಗಿ ಗಟ್ಟಿಯಾಗುತ್ತಿದ್ದರೆ ಸ್ಕೇಲನ್ನೂ ಹಾಗೇ ನುಡಿಸಿ. ಸುಮ್ನೆ ಏರಿ ಇಳಿಯುವುದಕ್ಕಿಂತ ಹೀಗೆ ಮಾಡಿದಾಗ ಕಿವಿ ಎಚ್ಚರವಾಗಿರುತ್ತದೆ.

ನಡುವೆ ಊರಿಗೆ ಹೋಗುವುದು, ಹುಷಾರು ತಪ್ಪುವುದು ಇದ್ದೇ ಇರುತ್ತದೆ. ಹತ್ತು ದಿನ ಬಿಟ್ಟು ಕೂತಾಗ ಬಿಟ್ಟ ವೇಗದಲ್ಲೇ ಶುರು ಮಾಡಬೇಡಿ. ಒಂದು ಕೈ, ಒಂದು ಆಕ್ಟೇವ್, ಮೆಟ್ರೋನೋಮ್ 50. ಮೊದಲು ಗುಂಪಾಗಿ ಒತ್ತಿ ಜಾಗ ನೋಡಿಕೊಳ್ಳಿ, ಆಮೇಲೆ ಹೆಬ್ಬೆರಳು ದಾಟುವ ಆ ಎರಡು ಸ್ವರ, ಆಮೇಲೆ ಪೂರ್ತಿ ಸ್ಕೇಲ್. ಒಮ್ಮೆ ಕಲಿತದ್ದು ಮತ್ತೆ ಕೈಗೆ ಬರಲು ಮೊದಲು ಹಿಡಿದಷ್ಟು ದಿನ ಬೇಕಾಗುವುದಿಲ್ಲ.